ಬೀರುವಿನ ಮೇಲಿನ ಒಲೆ

ದೊಕ್‌ಸಿಮ್ ಆ ಮನೆಗೆ ಹಿರಿ ಸೊಸೆಯಾಗಿ ಬಂದು ಮೂವತ್ತೊಂದು ವರ್ಷ. ಮನೆಯ ಹಿರಿಯರಿಗೆ ವರ್ಷಕ್ಕೆ ಒಂಬತ್ತು ಸಲ ಎಡೆ. ನಾಲ್ಕು ತಲೆಮಾರಿನ ಗಂಡ ಹೆಂಡಿರು, ಅದರಲ್ಲಿ ಅತ್ತೆಯೊಬ್ಬಳು ಇನ್ನೂ ಗಟ್ಟಿಯಾಗಿದ್ದಾಳಲ್ಲ, ಅವಳನ್ನು ಕಳೆದರೆ ಏಳು. ಮೇಲೆ ಹೊಸ ವರ್ಷ ಒಂದು, ಸುಗ್ಗಿ ಹುಣ್ಣಿಮೆ ಒಂದು. ಎಡೆಗೆ ಮಿಕ್ಕಿದ್ದು ಹೆಚ್ಚು ಕಮ್ಮಿಯಾದರೂ ಜೊನ್ ಮಾತ್ರ ಬೇಕೇ ಬೇಕು. ಮೀನಿನ ಹೋಳು, ಎಳೆಗುಂಬಳ, ಎಲೆಕೋಸು, ಕೊಚ್ಚಿದ ಮಾಂಸದ ಬಿಲ್ಲೆ, ಒಂದೊಂದನ್ನೂ ಹಿಟ್ಟಿನಲ್ಲಿ ಹೊರಳಿಸಿ, ಮೊಟ್ಟೆಯಲ್ಲಿ ಅದ್ದಿ, ಎಣ್ಣೆಯಲ್ಲಿ ಹೊಂಬಣ್ಣ ಬರುವ ಹಾಗೆ ಬೇಯಿಸಬೇಕು. ಒಂದು ಎಡೆಗೆ ಇನ್ನೂರು. ಎಡೆಗೆ ಹೋಗುವುದು ಮೂವತ್ತು, ಮಿಕ್ಕಿದ್ದು ಬಂದವರ ಬಾಯಿಗೆ, ಹೋಗುವವರ ಬುತ್ತಿಗೆ.

ಅಡುಗೆಮನೆಯ ಒಲೆಗಳ ಮೇಲೆ ಸಾರು, ಮಾಂಸ, ಅನ್ನ ಕೂತಿರುತ್ತವೆ. ಹಾಗಾಗಿ ಜೊನ್ ಹುರಿಯುವುದು ನಡುಮನೆಯ ನೆಲದ ಮೇಲೆ, ಹಳೇ ಪೇಪರು ಹಾಸಿ, ಸಣ್ಣ ಗ್ಯಾಸ್ ಒಲೆಯಲ್ಲಿ. ಹೊಳೆದಂಡೆಗೆ, ಗುಡ್ಡಕ್ಕೆ ಊಟ ಕಟ್ಟಿಕೊಂಡು ಹೋಗುವವರು ಕಂಕುಳಲ್ಲಿ ಹಿಡಿದು ಹೋಗುತ್ತಾರಲ್ಲ, ಪಕ್ಕದ ಗೂಡಿನಲ್ಲಿ ಡಬ್ಬಿ ಮಲಗಿಸಿ, ಹಿಡಿ ಒತ್ತಿದರೆ ಗ್ಯಾಸ್ ಬರುವಂಥದ್ದು, ಅದೇ. ಅದರ ಮೇಲೆ ಬಾಣಲೆ ಇಡುವ ಹಾಗಿಲ್ಲ. ಹಳೇ ಕಬ್ಬಿಣದ ಹಂಡೆಯ ಮುಚ್ಚಳ ಬೋರಲು ಹಾಕಬೇಕು.

"ಬಾಣಲೆ ಜೊನ್ ಸತ್ತೋರ ಗಂಟ್ಲಲ್ಲಿ ಇಳಿಯಲ್ಲ ಕಣೇ," ಎನ್ನುತ್ತಿದ್ದಳು ಅತ್ತೆ.

ಎಂಟು ವರ್ಷದ ಹಿಂದೆಯೇ ಒಲೆಯ ಕಿಡಿ ಸತ್ತಿತ್ತು. ದೊಕ್‌ಸಿಮ್ ಗಂಡನ ಸಿಗರೇಟಿನ ಲೈಟರಿನಲ್ಲಿ ಹಚ್ಚಿಕೊಳ್ಳುತ್ತಿದ್ದಳು. ಒಂದು ಸಲ ಭಗ್ಗೆಂದು ಹುಬ್ಬು ಸುಟ್ಟಿತ್ತು. ಈಚೆಗೆ ಎರಡು ವರ್ಷದಿಂದ ಇನ್ನೊಂದು ರೋಗ. ನಲವತ್ತು, ಐವತ್ತು ಹುರಿಯುವಷ್ಟರಲ್ಲಿ ಹಿಡಿ ಟಪ್ಪೆಂದು ತಾನಾಗಿ ಮೇಲೆ ಹಾರುವುದು, ಉರಿ ಆರುವುದು. ತಣಿಯುವ ತನಕ ಏನು ಮಾಡಿದರೂ ಹಚ್ಚಿಕೊಳ್ಳದು.

"ಒಲೆಗೂ ನಿನ್ನಂಗೇ ಸೊಂಟನೋವು ಬಂದಿರ್ಬೇಕು," ಎಂದು ಅತ್ತೆ ನಗುತ್ತಿದ್ದಳು.

ಸುಗ್ಗಿ ಹುಣ್ಣಿಮೆಯ ಹಬ್ಬಕ್ಕೆ ಹತ್ತು ದಿನ ಇರುವಾಗ ದೊಕ್‌ಸಿಮ್ ಒಲೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಸಂತೆಗೆ ಹೋದಳು. ಪಾತ್ರೆ ಅಂಗಡಿಯ ಮುದುಕ ತಿರುಗಿಸಿ ತಿರುಗಿಸಿ ನೋಡಿದ.

"ಅಕ್ಕಾ, ಇದರ ಮೇಲೆ ಏನಿಟ್ಟು ಹುರೀತೀರ?"

"ಹಂಡೆ ಮುಚ್ಚಳ."

"ಸರಿಹೋಯ್ತು! ಮುಚ್ಚಳದ ಅಂಚು ಡಬ್ಬಿ ಮೇಲೇ ಬರುತ್ತೆ. ಡಬ್ಬಿ ಕಾಯುತ್ತೆ. ಕಾದ್ರೆ ಸಿಡೀಬಾರ್ದು ಅಂತ್ಲೇ ಹಿಡಿ ಹಾರೋದು. ಅದು ಕೆಟ್ಟಿಲ್ಲಕ್ಕಾ, ಅದು ನಿಮ್ಮನ್ನ ಕಾಯ್ತಿದೆ. ಕೆಟ್ಟಿರೋದು ಒಳಗಿನ ರಬ್ಬರು. ಇದನ್ನ ರಿಪೇರಿ ಮಾಡೋರು ಈಗ ಯಾರೂ ಇಲ್ಲ. ಹೊಸದು ತಗೊಂಡು, ಸಣ್ಣ ಬಾಣಲೆ ಇಟ್ಕೊಳಿ."

ಅವಳು ಅಲ್ಲೇ ಒಂದು ಹೊಸ ಒಲೆ ಕೊಂಡಳು. ಅದು ಹೊಸಿಲು ದಾಟಿ ಅರ್ಧ ಗಂಟೆ ಕೂಡ ನಿಲ್ಲಲಿಲ್ಲ.

"ಮನೇಲಿ ಎರಡಿರುವಾಗ ಮೂರನೇದಾ?" ಎಂದಳು ಅತ್ತೆ. "ವಾಪಸ್ ಕೊಟ್ಟು ಬಾರೋ ಬ್ಯೊಂಗ್‌ದು."

ಬ್ಯೊಂಗ್‌ದು, ದೊಕ್‌ಸಿಮ್‌ಳ ಗಂಡ, ಅರವತ್ತಾದರೂ ಅಮ್ಮ ಅಂದರೆ ಎದ್ದು ನಿಲ್ಲುವವನು. ಪೆಟ್ಟಿಗೆ ಎತ್ತಿಕೊಂಡು ಹೊರಟೇಬಿಟ್ಟ.

ಆ ಎರಡನೆಯದು ಇದ್ದದ್ದು ಬೀರುವಿನ ಮೇಲೆ. ಮುದುಕರ ಸಂಘದ ಪ್ರವಾಸದಲ್ಲಿ ಚೀಟಿ ಎತ್ತಿ ಅತ್ತೆಗೆ ಬಂದ ಬಹುಮಾನ. ಕಪ್ಪು ಪೆಟ್ಟಿಗೆಯೊಳಗೆ, ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚದೆ, ಹೆಣ್ಣು ನೋಡಲು ಬರುವವರಿಗೆ ಕಾದವಳ ಹಾಗೆ ಕೂತಿತ್ತು. ತನ್ನ ಮಗಳು ಹ್ವಾಯೊಂಗ್‌ಗೆ ಅಂತ ಅತ್ತೆ ಅದನ್ನು ಎತ್ತಿಟ್ಟಿದ್ದಳು. ಹ್ವಾಯೊಂಗ್ ಮತ್ತು ಗಂಡ ವಾರಕ್ಕೊಮ್ಮೆ ಕಾಡು, ಕಡಲು ಅಂತ ಡೇರೆ ಹಾಕಲು ಹೋಗುವವರು.

"ಹಂಗಾದ್ರೆ ಹಬ್ಬದ ಒಂದು ದಿನಕ್ಕೆ ಮೇಲಿರೋದನ್ನೇ ಇಳಿಸ್ಕೊಡಿ ಅತ್ತೆ. ತೊಳೆದು ಇಡ್ತೀನಿ."

"ಎಣ್ಣೆ ಸಿಡಿದಿದ್ದನ್ನ ಮಗಳಿಗೆ ಕೊಡ್ಲಾ? ಇರೋದನ್ನ ರಿಪೇರಿ ಮಾಡೋಕೆ ಗಂಡ ಇಲ್ವಾ ನಿಂಗೆ?"

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಆ ಮನೆಯಲ್ಲಿ ಎರಡು ಕಾಲವೂ ಅತ್ತೆಗೇ.

ಗಂಡನೇನೋ ಇದ್ದ. ಊರಿನ ಟಿಲ್ಲರು, ಔಷಧಿ ಹೊಡೆಯುವ ಪಂಪು ಎಲ್ಲ ಅವನ ಕೈಯಲ್ಲೇ ಸರಿಯಾಗುತ್ತಿದ್ದವು. ಅವನು ನಲ್ಲಿಯ ರಬ್ಬರೊಂದನ್ನು ಕತ್ತರಿಸಿ ಒಲೆಯ ಬಾಯಿಗೆ ತುರುಕಿದ. ಆಮೇಲೆ ಹಿಡಿಯನ್ನು ಕೆಳಕ್ಕೆ ಒತ್ತಿ, ತಂತಿಯಿಂದ ಮೂರು ಸುತ್ತು ಬಿಗಿದ.

"ಇನ್ನು ಹೆಂಗೆ ಹಾರುತ್ತೋ ನೋಡ್ತೀನಿ."

"ಅಂಗಡಿಯೋರು ಹೇಳಿದ್ರು, ಅದು ಹಾರೋದೇ ನಮ್ಮನ್ನ ಕಾಯೋಕಂತೆ."

"ಅಂಗಡಿಯೋನು ಮಾರೋಕೆ ಏನ್ ಬೇಕಾದ್ರೂ ಹೇಳ್ತಾನೆ. ಮೂವತ್ತು ವರ್ಷ ಎಂಜಿನ್ ಬಿಚ್ಚಿದೋನಿಗೆ ನೀನು ಹೇಳ್ಕೊಡ್ತೀಯಾ?"

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಒಂಬತ್ತಕ್ಕೆ ಅವಳು ಪೇಪರು ಹಾಸಿ ಕೂತಳು. ಓರಗಿತ್ತಿ ತೆಗು ಪಟ್ಟಣದಿಂದ ಹೊರಟಿದ್ದಾಳೆ, ದಾರಿಯಲ್ಲಿ ವಾಹನ ಜಾಸ್ತಿ. ವರ್ಷವೂ ಜಾಸ್ತಿಯೇ, ವರ್ಷವೂ ಅವಳು ಮುಟ್ಟುವುದು ಹುರಿದು ಮುಗಿದ ಮೇಲೆಯೇ. ಬ್ಯೊಂಗ್‌ದು ಆಚೆ ಜಗಲಿಯಲ್ಲಿ ಎಡೆಗಿಡುವ ಚೆಸ್ಟ್‌ನಟ್ ಕಾಯಿಗಳ ಸಿಪ್ಪೆ ಹೆರೆಯುತ್ತಿದ್ದ. ಆ ಮನೆಯ ಗಂಡಸರಿಗೆ ಎಡೆಯ ಕೆಲಸ ಅಂದರೆ ಅದೊಂದೇ.

ಕುಂಬಳ ಮುಗಿಯಿತು, ಎಲೆಕೋಸು ಮುಗಿಯಿತು. ಮೀನಿಗೆ ಬಂದಾಗ ಡಬ್ಬಿಯ ಕಡೆಯಿಂದ ಹಾವು ಬುಸುಗುಟ್ಟಿದ ಹಾಗೆ ಕೇಳಿಸಿತು. ಹಿಡಿ ಹಾರಲು ನೋಡಿತು, ತಂತಿ ಬಿಡಲಿಲ್ಲ. ನೀಲಿ ಉರಿಯೊಂದು ಒಲೆಯ ಪಕ್ಕದಿಂದ ಹೊರಟು ಪೇಪರಿನ ಮೇಲೆ ಹರಿದು ಅವಳ ತೋಳು ಹತ್ತಿತು. ಅವಳು ಒಲೆಯನ್ನು ಕಾಲಿನಿಂದ ಅಂಗಳಕ್ಕೆ ಒದ್ದಳು. ಅದು ಅಲ್ಲಿ ಬಿದ್ದು ಢಮ್ಮೆಂದು ಸಿಡಿಯಿತು.

ಅತ್ತೆ ಕೋಣೆಯಿಂದ ಓಡಿ ಬಂದಳು. "ಮುಚ್ಚಳ! ಮುಚ್ಚಳ ಒಡೀತೇನೇ?"

ಮಣಿಕಟ್ಟಿನಿಂದ ಮೊಣಕೈ ತನಕ ಚರ್ಮ ಸುಲಿದಿತ್ತು. ಬ್ಯೊಂಗ್‌ದು ಅವಳನ್ನು ದವಾಖಾನೆಗೆ ಕರೆದೊಯ್ದು ಪಟ್ಟಿ ಹಾಕಿಸಿಕೊಂಡು ಬಂದ. ಮನೆಗೆ ಬಂದಾಗ ಮೀನು, ಮಾಂಸ ಎಲ್ಲ ಹಾಗೇ ಕೂತಿದ್ದವು. ಅವಳು ಅಡುಗೆಮನೆಯ ಒಲೆಯ ಮುಂದೆ ನಿಂತು ಎಡಗೈಯಲ್ಲಿ ಹುರಿದು ಮುಗಿಸಿದಳು.

ಮಾರನೇ ಬೆಳಿಗ್ಗೆ ಎಡೆಯಾಗಿ ಎಲ್ಲರೂ ಊಟಕ್ಕೆ ಕೂತಾಗ ಮೈದುನ ಅವಳ ಪಟ್ಟಿ ನೋಡಿದ. ಬಾಯಲ್ಲಿ ಮೀನಿನ ಜೊನ್ ಇತ್ತು.

"ಅತ್ತಿಗೆ, ಸಾಕು ಬಿಡಿ ಈ ಕಷ್ಟ. ಇನ್ಮೇಲೆ ಮಾರ್ಕೆಟ್ಟಿಗೆ ಹೇಳಿ ತರಿಸ್ಬಿಡೋಣ. ಈಗ ಎಲ್ರೂ ಹಂಗೇ ಮಾಡೋದು. ಏನಣ್ಣ?"

"ಹೂಂ, ಆಗ್ಲಿ," ಎಂದ ಬ್ಯೊಂಗ್‌ದು.

ಅತ್ತೆ ಸಾರು ಕುಡಿಯುತ್ತಿದ್ದಳು, ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ದೊಕ್‌ಸಿಮ್ ನೀರಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದವಳು ಒಳಗೆ ಹೋಗಿ ಅಕ್ಕಿ ಡಬ್ಬದ ಮೇಲೆ ಕೂತುಬಿಟ್ಟಳು. ಮೂವತ್ತೊಂದು ವರ್ಷ ಯಾರ ಬಾಯಿಂದಲೂ ಬರದ ಮಾತು, ಒಂದು ತೋಳಿನ ಚರ್ಮಕ್ಕೆ ಬಂತು. ಹೋಗಲಿ, ಬಂತಲ್ಲ.

ಮಧ್ಯಾಹ್ನ ಹ್ವಾಯೊಂಗ್ ತವರಿಗೆ ಬಂದಳು. ಉಂಡಳು, ಅತ್ತಿಗೆಯ ಕೈ ನೋಡಿ ಅಯ್ಯಯ್ಯೋ ಅಂದಳು. ಹೊರಡುವಾಗ ಅತ್ತೆ ಮಗನಿಂದ ಬೀರುವಿನ ಮೇಲಿನ ಪೆಟ್ಟಿಗೆ ಇಳಿಸಿ, ತನ್ನ ಲಂಗದ ಅಂಚಿನಿಂದಲೇ ಧೂಳು ಒರೆಸಿ ಮಗಳ ಕೈಗಿಟ್ಟಳು. ದೊಕ್‌ಸಿಮ್ ಒಂದು ಕೈಯಲ್ಲಿ ಜೊನ್ ಬುತ್ತಿ ಹಿಡಿದು ಕಾರಿನ ತನಕ ಹೋದಳು. ಇನ್ನು ಹುರಿಯುವುದಿಲ್ಲ ಎಂದಾಗಿತ್ತು, ಒಲೆ ಅವಳಿಗೆ ಯಾತಕ್ಕೂ ಬೇಕಿರಲಿಲ್ಲ. ಆದರೂ ಆ ಪೆಟ್ಟಿಗೆ ಡೇರೆಯ ಪಕ್ಕ ಕಾರಿನ ಹಿಂಬದಿಯಲ್ಲಿ ಕೂತದ್ದು ನೋಡಿ ಕಾರಿನ ಬಾಗಿಲು ಹಿಡಿದುಕೊಂಡಳು.

"ಹ್ವಾಯೊಂಗ್, ಆ ಒಲೆ ನಂಗೆ ಬೇಕು."

"ಇದಾ? ಅಯ್ಯೋ ತಗೊಳಿ ಅತ್ತಿಗೆ! ನಮ್ಮನೇಲಿ ಇಂಥವು ಮೂರಿವೆ, ಇಡೋಕೆ ಜಾಗ ಇಲ್ಲ. ಅಮ್ಮನ ಮನಸು ನೋಯ್ಬಾರ್ದು ಅಂತ ಒಯ್ತಿದ್ದೆ ಅಷ್ಟೆ." ಹ್ವಾಯೊಂಗ್ ನಕ್ಕಳು. "ಮೊದ್ಲೇ ಕೇಳ್ಬಾರ್ದಿತ್ತಾ? ಬಾಯಿ ಇರ್ಲಿಲ್ವಾ ನಿಮಗೆ?"

ದೊಕ್‌ಸಿಮ್ ಪೆಟ್ಟಿಗೆ ತಬ್ಬಿಕೊಂಡು ವಾಪಸ್ ಬಂದಳು. ಅತ್ತೆ ಬಾಗಿಲಲ್ಲೇ ನಿಂತು ಎಲ್ಲ ನೋಡಿದ್ದಳು.

ಮುಂದಿನ ಎಡೆ ಎರಡು ತಿಂಗಳಿಗೆ, ಮಾವನದು. ನಾಲ್ಕು ದಿನ ಮುಂಚೆ ದೊಕ್‌ಸಿಮ್ ಮಾರ್ಕೆಟ್ಟಿನ ಜೊನ್ ಅಂಗಡಿಗೆ ಫೋನು ಮಾಡಿ ಹೇಳಿದಳು. ಸಂಜೆಗೆ ಅಂಗಡಿಯವಳೇ ತಿರುಗಿ ಫೋನು ಮಾಡಿದಳು: "ನಿಮ್ಮತ್ತೆ ಬೇಡ ಅಂದ್ರಲ್ಲ ಅಕ್ಕಾ?"

"ಹೌದು, ನಾನೇ ಬೇಡ ಅಂದೆ," ಎಂದಳು ಅತ್ತೆ. "ಮಗಳ ಕೈಯಿಂದ ಒಲೆ ಕಿತ್ಕೊಂಡೆಯಲ್ಲ, ಯಾತಕ್ಕೆ ಕಿತ್ಕೊಂಡೆ? ಹುರಿಯೋಕೆ ತಾನೇ? ಹೊಸ ಒಲೆ ಮನೇಲಿಟ್ಕೊಂಡು ಯಾರಾದ್ರೂ ಬೀದಿ ಜೊನ್ ತಂದು ಎಡೆ ಇಡ್ತಾರಾ?"

ದೊಕ್‌ಸಿಮ್ ಮೈದುನನಿಗೆ ಫೋನು ಮಾಡಿದಳು. ಅದನ್ನು ಅವಳು ಹಿಂದೆಂದೂ ಮಾಡಿದವಳಲ್ಲ.

"ಅದು ಹಂಗಲ್ಲ ಅತ್ತಿಗೆ," ಎಂದ ಅವನು. "ನೀವೇ ಕೇಳಿ ತಗೊಂಡ್ರಂತೆ, ಹ್ವಾಯೊಂಗ್ ಹೇಳಿದ್ಲು. ನಿಮಗೇ ಹುರಿಯೋ ಮನಸಿರುವಾಗ ನಾವು ಹೆಂಗೆ ಬೇಡ ಅನ್ನೋದು?"

ಗಂಡ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಒಲೆ ಬೇಕು ಅಂದೆ, ಒಲೆ ಸಿಕ್ತು. ಇನ್ನೂ ಏನ್ ಬೇಕೇ ನಿಂಗೆ?"

ದೊಕ್‌ಸಿಮ್ ಎದ್ದು ಒಳಗೆ ಹೋಗಿ ಮೊಟ್ಟೆ ಎಣಿಸಿದಳು.

ಎಡೆಯ ದಿನ ಮತ್ತೆ ಪೇಪರು ಹಾಸಿದಳು. ಅತ್ತೆ ಮುಚ್ಚಳ ತಂದು ಪಕ್ಕಕ್ಕಿಟ್ಟಳು. ದೊಕ್‌ಸಿಮ್ ಅದನ್ನು ಮುಟ್ಟಲಿಲ್ಲ, ಸಣ್ಣ ಬಾಣಲೆಯನ್ನೇ ಇಟ್ಟಳು. ಇಷ್ಟರಲ್ಲಿ ಮಾತ್ರ ಅವಳ ಮಾತು ನಡೆಯಿತು. ಮುಚ್ಚಳದಲ್ಲಿ ಒಂದು ಸಲಕ್ಕೆ ಇಪ್ಪತ್ತು ಆಗುತ್ತಿದ್ದವು, ಬಾಣಲೆಯಲ್ಲಿ ಎಂಟು.

ಒಲೆ ಒಂದೇ ತಿರುವಿಗೆ ಹತ್ತಿಕೊಂಡಿತು. ಉರಿ ಸಮ, ಡಬ್ಬಿ ತಣ್ಣಗೆ. ಹಿಡಿ ಒಂದು ಸಲವೂ ಹಾರಲಿಲ್ಲ. ಹಳೆಯದು ಹಾರಿದಾಗಲೆಲ್ಲ, ಅದು ತಣಿಯುವ ತನಕ, ಅವಳಿಗೆ ಕಾಲು ಚಾಚಿ ಗೋಡೆಗೊರಗುವುದಾದರೂ ಇತ್ತು. ಇದು ಸಂಜೆಯ ತನಕ ನಿಲ್ಲದೆ ಉರಿಯಿತು.