ರೆಪ್ಪೆ ನರ್ಸಮ್ಮ
ಲಸಿಕೆ ಕೇಂದ್ರದ ನರ್ಸಮ್ಮನಿಗೆ ಊರೆಲ್ಲ ಸೇರಿ ಇಟ್ಟ ಹೆಸರು ರೆಪ್ಪೆ ನರ್ಸಮ್ಮ. ಬಸ್ಸೇ ಇರಲಿ, ತರಕಾರಿ ಅಂಗಡಿಯೇ ಇರಲಿ, ಯಾರ ಕಂಕುಳಲ್ಲಾದರೂ ಕೂಸು ಕಂಡರೆ ಸಾಕು, ಹೆಬ್ಬೆರಳಿನಿಂದ ಅದರ ಕೆಳರೆಪ್ಪೆ ಜಗ್ಗಿ, ಒಳಗೆ ಕೆಂಪಗಿದೆಯೋ, ರಕ್ತ ಕಮ್ಮಿಯಾಗಿ ಬಿಳಿಚಿದೆಯೋ ನೋಡದೆ ಬಿಡುವವರಲ್ಲ. ಗೋಡೆಯ ಕ್ಯಾಲೆಂಡರಿನ ಮಗುವಿನ ರೆಪ್ಪೆಗೂ ಒಮ್ಮೆ ಕೈ ಹಾಕಿದ್ದರೆಂದು ಕಾಂಪೌಂಡರ್ ಆಣೆಯಿಟ್ಟು ಹೇಳುತ್ತಾನೆ. "ಕಬ್ಬಿಣದ ಹನಿ ಹಾಕಿದ್ರೆ ಕಕ್ಕ ಕರ್ರಗೆ ಹೋಗುತ್ತಲ್ಲಾ ಸಿಸ್ಟರ್" ಎಂದು ಯಾರಾದರೂ ದೂರಿದರೆ, "ಹೋದ್ರೆ ಹೋಗ್ಲಿ, ತಲೆ ಚುರುಕಾಗ್ಲಿ" ಎಂದು ನಗುತ್ತಾರೆ. ಆದರೆ "ನಮ್ಮ ಪಾಪು ತುಂಬಾ ಸಾಧು, ಅಳೋದೇ ಇಲ್ಲ, ಮಲಗಿಸಿದ ಕಡೆ ಮಲಗಿರುತ್ತೆ" ಎಂದು ತಾಯಿಯೊಬ್ಬಳು ಬೀಗಿದಳೋ, ಮುಗಿಯಿತು. "ಸಾಧು ಅಲ್ಲಮ್ಮಾ, ಸುಸ್ತು! ಮಿದುಳು ಬೆಳೆಯೋ ಹೊತ್ತಲ್ಲಿ ಕಬ್ಬಿಣ ಸಿಗದೇ ಹೋದ್ರೆ, ಆಮೇಲೆ ಎಷ್ಟು ಕುಡಿಸಿದ್ರೂ ಪೂರ್ತಿ ತುಂಬಿ ಬರಲ್ಲ" ಎಂದು ಕೇಂದ್ರವೇ ನಡುಗುವಂತೆ ಗದರುತ್ತಾರೆ. ಹನಿ ಹಾಕುವ ಮೇಜಿನ ಹಿಂದೆ ಕೂರುವವಳು ಅವರ ಮಗಳು, ಮೂವತ್ತು ದಾಟಿದವಳು. ಏನು ಕೇಳಿದರೂ ತುಸು ತಡೆದೇ ಉತ್ತರಿಸುತ್ತಾಳೆ, ಒಂದೊಂದು ಹನಿಯನ್ನೂ ಬಾಯಿಬಿಟ್ಟು ಎಣಿಸುತ್ತಾಳೆ. ಸಾಲಿನಲ್ಲಿ ಯಾರಾದರೂ ಗೊಣಗಿದರೆ ನರ್ಸಮ್ಮ ಎದೆಯುಬ್ಬಿಸಿ ಎದ್ದು ನಿಲ್ಲುತ್ತಾರೆ: "ನಿಧಾನ, ನಿಜ. ಆದ್ರೆ ಹತ್ತು ವರ್ಷದಲ್ಲಿ ಒಂದೇ ಒಂದು ಹನಿ ಹೆಚ್ಚುಕಮ್ಮಿ ಮಾಡಿಲ್ಲ, ನನ್ನ ಮಗಳು!" ಆಮೇಲೆ ಗದರಿಸಿಕೊಂಡ ಆ ತಾಯಿಯ ಪಕ್ಕ ಕೂತು, ದನಿ ತಗ್ಗಿಸುತ್ತಾರೆ: "ಕೂಸಾಗಿದ್ದಾಗ ಇವಳನ್ನೂ ಸಾಧು ಅಂತ ಊರೆಲ್ಲ ಹೊಗಳ್ಕೊಂಡು ತಿರುಗಿದ್ದೆ ಕಣಮ್ಮಾ. ಒಂದ್ಸಲನೂ ರೆಪ್ಪೆ ಜಗ್ಗಿ ನೋಡಿರ್ಲಿಲ್ಲ."