ಲೋಳೆಯ ಕಾವಲು

ನಮ್ಮತ್ತೆಗೆ ಬೀದಿಯವರು ಇಟ್ಟ ಹೆಸರು ಬ್ರಷ್ಷಮ್ಮ. ಬಟ್ಟೆ ಗಿರಣಿಯಲ್ಲಿ ಬಣ್ಣದ ತೊಟ್ಟಿ ತೊಳೆಯುವುದು ಅವಳ ಕೆಲಸವಾಗಿತ್ತು. ಕೆಂಪು ಅದ್ದಿದ ತೊಟ್ಟಿಯಲ್ಲಿ ಒಂದು ಹನಿ ಉಳಿದರೂ ಮರುದಿನದ ಹಳದಿ ಕೆಡುತ್ತದಲ್ಲ, ಹಾಗಾಗಿ ಅವಳ ಕೈ ಬಿದ್ದ ಕಡೆಯೆಲ್ಲ ಹೊಳೆಯಲೇಬೇಕು. ಮನೆಯಲ್ಲೂ ಅದೇ ಗೋಳು. ಅವಳು ಉಜ್ಜಿ ಉಜ್ಜಿ ನಮ್ಮ ಬಾಣಲೆಗೆ ತೂತು ಬಿದ್ದದ್ದು ಸುಳ್ಳಲ್ಲ.

ಗಿರಣಿ ಮುಚ್ಚಿತು. ಅದರ ಹಿಂದಿನ ಕಾಲುವೆ ಮಾತ್ರ ಹಳೆಯ ಹೊಲಸನ್ನೆಲ್ಲ ಹೊತ್ತುಕೊಂಡು ನಾರುತ್ತಿತ್ತು. ಪಾಲಿಕೆಯವರು ಗಿರಣಿಯ ಅಂಗಳದಲ್ಲಿ ಮರ ನೆಟ್ಟು, ಕಾಲುವೆಯೊಳಗೆ ಕಲ್ಲು ಹಾಸಿ ಜೊಂಡು ಬೆಳೆಸಿದರು. ನೀರು ತಾನಾಗಿಯೇ ಶುದ್ಧವಾಗುತ್ತದಂತೆ! ಬೀದಿಯವರು ನಕ್ಕರು. ಮಳೆಗಾಲದೊಳಗೆ ನಾತ ಹೋಗದಿದ್ದರೆ ಕಾಂಕ್ರೀಟ್ ಚಪ್ಪಡಿ ಎಳೆದು ಮುಚ್ಚಿಬಿಡಿ ಎಂದು ಪಟ್ಟುಹಿಡಿದು ಒಪ್ಪಿಸಿಯೂ ಬಿಟ್ಟರು. ಚಪ್ಪಡಿ ಬಂದರೆ ಜೊಂಡಿಗೆ ಸಿಕ್ಕ ಕಸ ಹೆಕ್ಕುವ ಕೆಲಸಕ್ಕೆ ಸೇರಿದ್ದ ಅತ್ತೆ ಮತ್ತೆ ಮನೆಯಲ್ಲೇ. ಗಿರಣಿ ಮುಚ್ಚಿದ ಮೇಲೆ ಅವಳು ನಗುನಗುತ್ತಾ ಹೊಸ್ತಿಲು ದಾಟಿದ್ದು ಈ ಕೆಲಸ ಸಿಕ್ಕ ನಂತರವೇ. ನನಗೆ ಅದಕ್ಕಿಂತ ದೊಡ್ಡದು ಯಾವುದೂ ಇರಲಿಲ್ಲ.

ನಾತ ಕಡಿಮೆಯಾಗುತ್ತಾ ಬಂತು. ಆಮೇಲೆ ಇದ್ದಕ್ಕಿದ್ದಂತೆ ಮತ್ತೆ ಮೂಗು ಮುಚ್ಚಿಕೊಳ್ಳುವ ಹಾಗಾಯಿತು. ಪಾಲಿಕೆಯ ಮೇಲ್ವಿಚಾರಕಿ ಓಡಿ ಬಂದು ನೋಡಿದರೆ ಕಾಲುವೆಯ ಕಲ್ಲುಗಳು ಫಳಫಳ!

“ಯಾರಮ್ಮ ಇದನ್ನ ತೊಳ್ದಿದ್ದು?”

“ನಾನೇ! ಎಷ್ಟೊಂದು ಲೋಳೆ ಹತ್ತಿತ್ತು ಗೊತ್ತಾ? ಕಣ್ಣಲ್ಲಿ ನೋಡಕ್ಕಾಗ್ಲಿಲ್ಲ,” ಎಂದಳು ಅತ್ತೆ, ಹೊಗಳಿಕೆ ಬಂದೀತೆಂಬ ಹಿಗ್ಗಿನಲ್ಲಿ.

“ಅಯ್ಯೋ, ಆ ಲೋಳೆನೇ ಕಣಮ್ಮ ನೀರಲ್ಲಿರೋ ಕೊಳಕನ್ನ ತಿನ್ನೋದು! ಕಸ ತೆಗೀರಿ ಸಾಕು, ಕಲ್ಲಿನ ಸುದ್ದಿಗೆ ಹೋಗ್ಬೇಡಿ.”

ಅತ್ತೆಯ ಮುಖ ಸಪ್ಪಗಾಯಿತು. ಹುಟ್ಟುಗುಣ ಸುಟ್ಟರೂ ಹೋಗೋದಿಲ್ಲ ಎಂದು ರಾತ್ರಿ ಊಟದ ಹೊತ್ತಿಗೆ ನಾನೂ ರೇಗಿದೆ. ಅವಳು ತಟ್ಟೆ ಸರಿಸಿ ಎದ್ದುಹೋದಳು.

ಅಲ್ಲಿಂದ ಮುಂದೆ ಅವಳು ಕಲ್ಲು ಮುಟ್ಟಲಿಲ್ಲ. ಕೈ ತುರಿಸಿದಾಗೆಲ್ಲ ಮನೆಗೆ ಬಂದು ನಮ್ಮ ಪಾತ್ರೆಗಳ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದಳು. ಲೋಳೆ ನಿಧಾನಕ್ಕೆ ಮತ್ತೆ ಕಟ್ಟಿತು. ಮಳೆ ಶುರುವಾಗುವ ಹೊತ್ತಿಗೆ ನಾತ ಅಡಗಿ ನೀರಿನ ತಳ ಕಂಡಿತು, ಚಪ್ಪಡಿಯ ಮಾತು ಬಿದ್ದುಹೋಯಿತು.

ಚಪ್ಪಡಿ ಬೇಕೇ ಬೇಕೆಂದು ಎಲ್ಲರಿಗಿಂತ ಜೋರಾಗಿ ಕೂಗಾಡಿದ್ದ ಟೈಲರ್ ಒಂದು ಸಂಜೆ ನೋಡಲು ಬಂದ. ಚಪ್ಪಲಿ ಬಿಟ್ಟು ನೀರಿಗೆ ಕಾಲಿಳಿಸಿದ. ಕಲ್ಲು ಜಾರಿತು. ಅವನು ಹಿಮ್ಮಡಿಯಿಂದ ಅದನ್ನು ಉಜ್ಜತೊಡಗಿದ್ದೇ ತಡ, ಅತ್ತೆ ಕಸದ ಬುಟ್ಟಿ ಎಸೆದು ಓಡಿದಳು.

“ಏಯ್, ಕಾಲು ತೆಗಿಯೋ! ಅಷ್ಟು ಚೆನ್ನಾಗಿ ಕೊಳೆ ಕಟ್ಟಿದೆ, ಹಾಳ್ಮಾಡ್ಬೇಡ!”