ಕಸದ ಫೋಲ್ಡರಿನಲ್ಲಿ ರತ್ನಮ್ಮ

ಮರದ ಕೊಂಬೆ ಮುರಿದು ಬೀಳುವ ಮೊದಲು ಒಂದು ಸದ್ದು ಮಾಡುತ್ತದೆ. ಹಳೆಯ ಬಾಗಿಲನ್ನು ಯಾರೋ ಕದ್ದು ತೆರೆದ ಹಾಗೆ. ಕಿರ್ರ್... ಸ್ವಲ್ಪ ಬಿಡುವು. ಮತ್ತೆ ಕಿರ್ರ್.

ಎರಡು ವಾರದ ಹಿಂದೆ, ಒಂದು ಶನಿವಾರ ಬೆಳಿಗ್ಗೆ, ಆ ಸದ್ದನ್ನು ನಾನು ಕೇಳಿದೆ. ಸ್ಪಷ್ಟವಾಗಿ, ಎರಡೂ ಕಿವಿಯಲ್ಲಿ. ಕೇಳಿ ಕೂಗಲಿಲ್ಲ. ಓಡಲಿಲ್ಲ. 'ಆಹಾ, ಎಷ್ಟು ಚೆನ್ನಾಗಿದೆ' ಅಂದುಕೊಂಡು ಮೈಕನ್ನು ಒಂದು ಚೂರು ಮೇಲಕ್ಕೆ ಹಿಡಿದೆ.

ಅದಾಗಿ ಏಳನೇ ಸೆಕೆಂಡಿಗೆ ಕೊಂಬೆ ಸಿದ್ದಪ್ಪನವರ ಮೇಲೆ ಬಿತ್ತು.

ಸಿದ್ದಪ್ಪ ನಮ್ಮ ರಸ್ತೆಯ ಇಸ್ತ್ರಿಯವರು. ವಿಜಯನಗರದಿಂದ ಹೊಸಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿ, ಒಂದು ಗುಲ್‌ಮೊಹರ್ ಮರದ ಕೆಳಗೆ ಅವರ ತಳ್ಳುಗಾಡಿ. ಪಕ್ಕದಲ್ಲಿ ಒಂದು ಸ್ಟೂಲು ಹಾಕಿಕೊಂಡು ಹೆಂಡತಿ ರತ್ನಮ್ಮ. ಆಕೆ ಬಟ್ಟೆಗೆ ನೀರು ಚಿಮುಕಿಸುತ್ತಾರೆ, ಇವರು ಇಸ್ತ್ರಿ ಹಾಕುತ್ತಾರೆ. ಆಕೆ ಮಾತಾಡುತ್ತಾರೆ, ಇವರು ಮಾತಾಡುವುದಿಲ್ಲ. ಇಪ್ಪತ್ತೈದು ವರ್ಷದಿಂದ ಇದೇ ಏರ್ಪಾಡು. ಸುತ್ತಮುತ್ತಲಿನ ಇಸ್ತ್ರಿಯವರೆಲ್ಲ ಗ್ಯಾಸಿಗೆ, ಕರೆಂಟಿಗೆ ಬದಲಾದರೂ ಸಿದ್ದಪ್ಪ ಮಾತ್ರ ಇದ್ದಿಲು ತುಂಬುವ ಹಿತ್ತಾಳೆಯ ಇಸ್ತ್ರಿ ಪೆಟ್ಟಿಗೆ ಬಿಟ್ಟಿಲ್ಲ. ಅದನ್ನು ಎರಡು ಕೈಯಲ್ಲಿ ಎತ್ತುವುದೇ ನನಗೆ ಕಷ್ಟ. ಅವರು ಬಲಗೈ ಒಂದರಲ್ಲೇ ಆಡಿಸುತ್ತಾರೆ.

ಆಡಿಸುತ್ತಿದ್ದರು.

ನಾನು ಅಲ್ಲಿ ಮೈಕ್ ಹಿಡಿದು ಏನು ಮಾಡುತ್ತಿದ್ದೆ? ಈ ಅಂಕಣ ಓದುವವರಿಗೆ ನನ್ನ ಹುಚ್ಚು ಗೊತ್ತು. ಹೊಸಬರಿಗೆ ಎರಡು ಮಾತು. ನನಗೆ ಹಾಡಲು ಬರುವುದಿಲ್ಲ, ಯಾವ ವಾದ್ಯವೂ ಬರುವುದಿಲ್ಲ. ಆದರೆ ಟ್ಯಾಬ್ಲೆಟ್ ಬರುತ್ತದೆ. ಊರಿನ ಸದ್ದುಗಳನ್ನು ರೆಕಾರ್ಡ್ ಮಾಡಿಕೊಂಡು ಬರುತ್ತೇನೆ. ಅಂಗಡಿ ಶಟರ್ ಎಳೆಯುವುದು, ಕುಕ್ಕರ್ ಸೀಟಿ, ಮೆಟ್ರೋ ಬಾಗಿಲು. ಮನೆಗೆ ಬಂದು ಆ ಉದ್ದನೆಯ ರೆಕಾರ್ಡಿಂಗನ್ನು ಪರದೆಯ ಮೇಲೆ ಹರಡಿ, ಬೆರಳಿನಲ್ಲಿ ಚೂರು ಚೂರು ಕತ್ತರಿಸುತ್ತೇನೆ. ತರಕಾರಿ ಹೆಚ್ಚಿದ ಹಾಗೆಯೇ. ಒಂದೊಂದು ಚೂರನ್ನೂ ಪರದೆಯ ಒಂದೊಂದು ಚೌಕಕ್ಕೆ ಹಾಕಿದರೆ ಮುಗಿಯಿತು. ಚೌಕ ಮುಟ್ಟಿದರೆ ಶಟರ್ ಬೀಳುತ್ತದೆ, ಇನ್ನೊಂದು ಮುಟ್ಟಿದರೆ ಸೀಟಿ. ಅದರಲ್ಲೇ ತಾಳ, ಅದರಲ್ಲೇ ಟ್ಯೂನು. (ಕೇಳಿದವರೆಲ್ಲ 'ಡಿಫರೆಂಟಾಗಿದೆ' ಅನ್ನುತ್ತಾರೆ. ಚೆನ್ನಾಗಿದೆ ಅಂತ ಯಾರೂ ಅಂದಿಲ್ಲ.)

ಕತ್ತರಿಸುವುದಕ್ಕಿಂತ ಜೋಡಿಸಿಡುವುದು ದೊಡ್ಡ ಕೆಲಸ. ಮೂರು ಸಾವಿರ ಚೂರುಗಳಲ್ಲಿ ಬೇಕಾದದ್ದು ಬೇಕಾದಾಗ ಸಿಗಬೇಡವೇ? ಅದಕ್ಕೇ ನನ್ನ ಫೋಲ್ಡರುಗಳು ಬಹಳ ಶಿಸ್ತು. ಬಡಿತ. ಉಜ್ಜು. ಉಸಿರು. ಲೋಹ. ನೀರು. ಕೊನೆಯದು, ಕಸ. ಗಾಳಿ ನುಗ್ಗಿದ್ದು, ಹಾರ್ನು, ನಡುವೆ ಬಂದ ಜನರ ಮಾತು ಎಲ್ಲ ಕಸಕ್ಕೆ.

ಸಿದ್ದಪ್ಪನವರ ಗಾಡಿ ನನಗೆ ಗಣಿ ಇದ್ದ ಹಾಗೆ. ಪೆಟ್ಟಿಗೆ ಇಟ್ಟಾಗ ಧಪ್ ಅನ್ನುವುದು 'ಬಡಿತ'. ಒದ್ದೆ ಬಟ್ಟೆಯ ಮೇಲೆ ಚುಯ್ ಅನ್ನುವುದು 'ನೀರು'. ಇದ್ದಿಲಿಗೆ ಗಾಳಿ ಬೀಸುವುದು 'ಉಸಿರು'. ಎರಡು ತಿಂಗಳಿಂದ ಶನಿವಾರ ಶನಿವಾರ ಹೋಗುತ್ತಿದ್ದೆ. ಒಂದೇ ತೊಂದರೆ, ರತ್ನಮ್ಮ.

"ಏನ್ ಮೇಡಂ, ಇವತ್ತೂ ಬಂದ್ಬಿಟ್ರಾ ಸದ್ದು ಹಿಡಿಯೋಕೆ? ನಮ್ಮ ಯಜಮಾನ್ರು ಬಾಯಿ ಬಿಡಲ್ಲ ಅಂತ ಪೆಟ್ಟಿಗೆ ಕೈಲಿ ಮಾತಾಡಿಸ್ತೀರಾ?"

"ಎರಡೇ ನಿಮಿಷ ರತ್ನಮ್ಮ. ಎರಡು ನಿಮಿಷ ಮಾತಾಡಬಾರದು."

"ಎರಡು ನಿಮಿಷಾನಾ! ಆಮೇಲೆ ನಂಗೇನಾದ್ರೂ ಹೆಚ್ಚು ಕಮ್ಮಿ ಆದ್ರೆ?"

ಕೊನೆಗೆ ನಮ್ಮಲ್ಲಿ ಒಂದು ಒಪ್ಪಂದವಾಗಿತ್ತು. ನಾನು ಎಡಗೈ ಎತ್ತಿದರೆ ರತ್ನಮ್ಮ ಬಾಯಿ ಮುಚ್ಚಬೇಕು. ಕೈ ಇಳಿಸಿದರೆ ಮಾತಾಡಬಹುದು. ಅವರು ಅದನ್ನು ನಿಷ್ಠೆಯಿಂದ ಪಾಲಿಸುತ್ತಿದ್ದರು. ನನ್ನ ಕೈ ಮೇಲಿದ್ದಷ್ಟು ಹೊತ್ತೂ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂರುತ್ತಿದ್ದರು, ಶಾಲೆಯ ಮಗುವಿನ ಹಾಗೆ.

ಆ ಶನಿವಾರ. ಹಿಂದಿನ ಸಂಜೆ ಜೋರು ಮಳೆ ಬಂದಿತ್ತು. ಮರದ ಎಲೆಗಳಿಂದ ಇನ್ನೂ ಹನಿ ತೊಟ್ಟಿಕ್ಕುತ್ತಿತ್ತು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡೆ. ಕೈ ಎತ್ತಿದೆ. ಧಪ್. ಚುಯ್. ಧಪ್.

ಆಗ ಕಿರ್ರ್.

ಗಾಡಿಯ ಕಾಲು ಇರಬೇಕು ಅಂದುಕೊಂಡೆ. ಮೈಕ್ ಎತ್ತಿ ಹಿಡಿದೆ. ರತ್ನಮ್ಮ ನನ್ನತ್ತ ತಿರುಗಿದರು. ಸೆರಗು ಬಾಯಲ್ಲೇ ಇತ್ತು. ಕಣ್ಣು ದೊಡ್ಡದಾಗಿತ್ತು. ಬೆರಳಿನಿಂದ ಮೇಲೆ ತೋರಿಸಿದರು. ನಾನು ನಕ್ಕೆ. ಎತ್ತಿದ್ದ ಕೈಯನ್ನು ಇನ್ನೂ ಒಂದಿಷ್ಟು ಎತ್ತಿ, ತಾಳಿ ತಾಳಿ ಎಂದು ಸನ್ನೆ ಮಾಡಿದೆ.

ಮತ್ತೆ ಕಿರ್ರ್.

"ರೀ! ಈಚೆಗ್ ಬನ್ರೀ!"

ಆ ಕೂಗು ಹೆಡ್‌ಫೋನಿನಲ್ಲಿ ನನ್ನ ತಲೆಯೊಳಗೇ ಒಡೆಯಿತು. ಸಿದ್ದಪ್ಪ ತಲೆ ಎತ್ತಿ ನೋಡಲಿಲ್ಲ. ಅದೇ ಅವರನ್ನು ಉಳಿಸಿತು. ಹೆಂಡತಿಯ ದನಿ ಬಂದ ಕಡೆಗೆ ಸುಮ್ಮನೆ ನೆಗೆದರು. ಕೊಂಬೆ ಗಾಡಿಯನ್ನು ಎರಡು ಹೋಳು ಮಾಡಿ, ಅವರ ಬಲ ಭುಜಕ್ಕೆ ಬಡಿದು ರಸ್ತೆಗೆ ಒರಗಿತು. ಪೆಟ್ಟಿಗೆಯ ಕೆಂಡಗಳು ನನ್ನ ಕಾಲ ಬಳಿಗೆ ಉರುಳಿ ಬಂದವು. ಯಾರದೋ ಬಿಳಿ ಅಂಗಿ ಹೊಗೆಯಾಡತೊಡಗಿತು. ನಾನು ಕೈ ಎತ್ತಿಕೊಂಡೇ ನಿಂತಿದ್ದೆನಂತೆ. ಎದುರು ಮನೆಯವರು ಆಮೇಲೆ ಹೇಳಿದರು.

ಭುಜದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಮೂರು ತಿಂಗಳು ಏನೂ ಎತ್ತುವಂತಿಲ್ಲ. ಆಮೇಲೆ ಆ ಪೆಟ್ಟಿಗೆ ಎತ್ತಲು ಆಗುತ್ತದಾ ಎಂದು ರತ್ನಮ್ಮ ಕೇಳಿದರೆ ಡಾಕ್ಟರು, "ಈಗಲೇ ಹೇಳೋಕಾಗಲ್ಲಮ್ಮ" ಅಂದರು.

ಆಸ್ಪತ್ರೆಯಲ್ಲಿ ಎಲ್ಲರೂ ನನ್ನನ್ನು ಹೊಗಳಿದರು. ಆಟೋ ಹಿಡಿದು ಕರೆತಂದವಳು ನಾನೇ ಅಲ್ಲವೇ? 'ಅದೃಷ್ಟಕ್ಕೆ ಮೇಡಂ ಅಲ್ಲೇ ಇದ್ರು' ಅಂದರು. ನಾನು ತಲೆ ಅಲ್ಲಾಡಿಸಿದೆ. ಹೌದು ಅಂತಲೋ ಇಲ್ಲ ಅಂತಲೋ, ನನಗೇ ತಿಳಿಯದ ಹಾಗೆ.

ಒಂದು ವಾರ ಟ್ಯಾಬ್ಲೆಟ್ ಮುಟ್ಟಲಿಲ್ಲ. ಹಾಗಂತ ಕೇಳುವುದು ನಿಂತಿತೇ? ಹಾಲು ಕಾಯಿಸುವಾಗ ಕಿರ್ರ್. ಮೆಟ್ರೋ ತಿರುವಿನಲ್ಲಿ ಕಿರ್ರ್. ಮನೆಯ ಬಾಗಿಲಿಗೆ ಎಣ್ಣೆ ಬಿಟ್ಟೆ, ಆದರೂ ಕಿರ್ರ್. ಏಳು ಸೆಕೆಂಡಿನಲ್ಲಿ ಏನೇನು ಮಾಡಬಹುದಿತ್ತು ಎಂದು ಲೆಕ್ಕ ಹಾಕಿದ್ದೇನೆ. ಗಾಡಿಯಿಂದ ಆಚೆಗೆ ನಾಲ್ಕು ಹೆಜ್ಜೆ. ನಾಲ್ಕು ಹೆಜ್ಜೆಗೆ ಎರಡು ಸೆಕೆಂಡು ಸಾಕು. ಉಳಿದ ಐದರಲ್ಲಿ ಪೆಟ್ಟಿಗೆಯನ್ನೂ ಕೆಳಗಿಡಬಹುದಿತ್ತು.

ಆ ರೆಕಾರ್ಡಿಂಗನ್ನು ಅಳಿಸಿಬಿಡೋಣ ಎಂದು ಹೋದ ಭಾನುವಾರ ಮಧ್ಯಾಹ್ನ ಕುಳಿತೆ. ಅದೇ ಪಟ್ಟಿಯಲ್ಲಿ ಅದಕ್ಕೂ ಮೂರು ವಾರ ಹಿಂದಿನ ಶನಿವಾರದ್ದೂ ಇತ್ತು. ಅವತ್ತಿನದನ್ನು ಆಗಲೇ ಹೆಚ್ಚಿ ಜೋಡಿಸಿದ್ದೆ. ಒಂದು ಗುಟ್ಟು ಹೇಳುತ್ತೇನೆ. ನಮ್ಮಂಥವರು ಕತ್ತರಿಸುವುದು ಕಿವಿಯಿಂದಲ್ಲ, ಕಣ್ಣಿನಿಂದ. ಪರದೆಯ ಮೇಲೆ ಸದ್ದು ಗೆರೆಗಳಾಗಿ ಕಾಣುತ್ತದೆ. ಧಪ್ ಅನ್ನುವುದು ಮೊಳೆಯ ಹಾಗೆ ಚೂಪಾಗಿ ನಿಂತಿರುತ್ತದೆ. ಮಾತು ಪೊದೆಯ ಹಾಗೆ ಅಸ್ತವ್ಯಸ್ತ. ಪೊದೆ ಕಂಡಿತೋ, ಕೇಳುವ ಗೋಜಿಗೇ ಹೋಗದೆ ಕಡಿದು ಕಸಕ್ಕೆ.

ಈ ಭಾನುವಾರ ಮೊದಲ ಸಲ ಕಸದ ಫೋಲ್ಡರ್ ತೆರೆದು ಕೇಳಿದೆ. ಆ ಹಳೆಯ ಶನಿವಾರದ ಆರನೆಯ ಚೂರಿನಲ್ಲಿ ರತ್ನಮ್ಮ.

"ಮೇಡಂ, ಈ ಮರ ನೋಡಿ. ಮೊನ್ನೆ ಗಾಳಿ ಬಂದಾಗಿಂದ ಕಿರ್ ಕಿರ್ ಅಂತೈತೆ. ಆ ದಪ್ಪ ಕೊಂಬೆ. ಕೇಬಲ್ನೋರು ವೈರೆಲ್ಲ ಸುತ್ತಿ ಸುತ್ತಿ ಅದರ ಮೇಲೇ ಹೇರವ್ರೆ. ನೀವು ಓದಿದೋರು, ಫೋನಲ್ಲೇ ಕಂಪ್ಲೇಂಟ್ ಹಾಕ್ಬೋದಂತಲ್ಲ, ಒಂದು ಹಾಕ್ಬಿಡಿ ಮೇಡಂ. ನಾವು ಹೇಳಿದ್ರೆ ಯಾರ್ ಕೇಳ್ತಾರೆ?"

ಆಮೇಲೆ ಇನ್ನೊಂದು ದನಿ. ನನ್ನದೇ.

"ಹೂಂ ರತ್ನಮ್ಮ, ಹಾಕ್ತೀನಿ. ಒಂದ್ನಿಮಿಷ ಸುಮ್ನಿರಿ, ರೆಕಾರ್ಡ್ ಆಗ್ತಾ ಇದೆ."

ಚೂರು ಅಲ್ಲಿಗೆ ಮುಗಿಯುತ್ತದೆ. ಅಲ್ಲಿಗೆ ಕತ್ತರಿಸಿದವಳು ನಾನು. ಅದರ ಮುಂದಿನ ಧಪ್, ಅದು ನನ್ನ 'ಬಡಿತ' ಫೋಲ್ಡರಿನಲ್ಲಿ ನಕ್ಷತ್ರದ ಗುರುತು ಹಾಕಿಸಿಕೊಂಡು ಕೂತಿದೆ.

ಹಾಕುತ್ತೇನೆ ಎಂದದ್ದು ನನಗೆ ನೆನಪೇ ಇರಲಿಲ್ಲ. ಇದನ್ನು ಓದುವಾಗ 'ಪಾಪ, ಮರೆತಿರಬೇಕು' ಅಂದುಕೊಳ್ಳಬೇಡಿ. ಮರೆಯಬೇಕಾದರೆ ಮೊದಲು ಕೇಳಿಸಿಕೊಂಡಿರಬೇಕು.

ಏನು ಮಾಡುವುದು? ಅಳಿಸಿದರೆ ಯಾರಿಗೂ ತಿಳಿಯುವುದಿಲ್ಲ. ಹೆಬ್ಬೆರಳು ಆ ಗುಂಡಿಯ ಮೇಲೆ ಸ್ವಲ್ಪ ಹೊತ್ತು ಇತ್ತು. ಸುಳ್ಳು ಹೇಳುವುದಿಲ್ಲ, ಇತ್ತು.

ಮರುದಿನ ಸಂಜೆ ಹೊಸಹಳ್ಳಿಯ ಅವರ ಮನೆಗೆ ಹೋದೆ. ಒಂದು ಕೋಣೆ, ಒಂದು ಅಡುಗೆಮನೆ. ಸಿದ್ದಪ್ಪ ಮಂಚದ ಮೇಲೆ, ಕೈ ಜೋಳಿಗೆಯಲ್ಲಿ. ಮೂಲೆಯಲ್ಲಿ ಇಸ್ತ್ರಿ ಪೆಟ್ಟಿಗೆ, ಒಂದು ಮಗ್ಗುಲು ನೆಗ್ಗಿದ್ದು. ರತ್ನಮ್ಮ ಕಾಫಿ ಕೊಟ್ಟರು. ನಾನು ಲೋಟ ಕೆಳಗಿಟ್ಟು, "ನಿಮಗೊಂದು ಕೇಳಿಸಬೇಕು" ಅಂದೆ. ಎರಡನ್ನೂ ಕೇಳಿಸಿದೆ. ಮೊದಲು ಕಸದ ಚೂರು. ಆಮೇಲೆ ಆ ಶನಿವಾರದ ಏಳು ಸೆಕೆಂಡು. ನನಗೂ ಆ ಸದ್ದು ಕೇಳಿಸಿತ್ತು, ಚೆನ್ನಾಗಿದೆ ಅಂದುಕೊಂಡೆ ಎಂಬುದನ್ನೂ ಹೇಳಿದೆ.

ರತ್ನಮ್ಮ ನನ್ನೆದುರು ನೆಲದ ಮೇಲೆ ಕೂತರು.

"ನಾನೂ ಸುಮ್ನಾಗಿಬಿಟ್ಟೆ ಅಲ್ವಾ ಮೇಡಂ" ಅಂದರು ರತ್ನಮ್ಮ, ನಿಧಾನವಾಗಿ. "ಮೊದಲನೇ ಸದ್ದಿಗೇ ಬಾಯಿಗೆ ಬಂದಿತ್ತು. ನಿಮ್ಮ ಕೈ ಮೇಲಿತ್ತು. ಮೇಡಂ ಕೆಲಸ ಕೆಡುತ್ತಲ್ಲ ಅಂದ್ಕೊಂಡೆ."

ಆಗ ಮಂಚದ ಕಡೆಯಿಂದ ಸಿದ್ದಪ್ಪ ಮಾತಾಡಿದರು. ಎರಡು ತಿಂಗಳಲ್ಲಿ ನಾನು ಅವರ ಬಾಯಿಂದ ಕೇಳಿದ ಮೊದಲ ಪೂರ್ತಿ ವಾಕ್ಯ ಅದೇ ಇರಬೇಕು.

"ಮದುವೆ ಆದಾಗಿಂದ ಇವಳು ಬಾಯಿಗೆ ಬಂದ ಮಾತು ನುಂಗಿದ್ದು ಅವತ್ತೊಂದೇ ದಿನ ಕಣಮ್ಮ. ಅವತ್ತೇ ಕೊಂಬೆ ಬಿತ್ತು ನೋಡಿ."

ರತ್ನಮ್ಮ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ಹಗುರಾಗಿ ಮನೆಗೆ ಬರುತ್ತಿದ್ದೆ. 'ಇರಲಿ ಬಿಡಿ' ಅಂತಲೂ ಅನ್ನಲಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡರು.

"ಅದನ್ನ ಎತ್ಕೊಳಿ ಮೇಡಂ, ಬನ್ನಿ."

"ಎಲ್ಲಿಗೆ?"

"ಮರ ಇನ್ನೂ ಅರ್ಧ ಐತಲ್ಲ. ಅದರ ಕೆಳಗೆ ಈಗ ಎಳನೀರು ಮಂಜಣ್ಣ ಗಾಡಿ ಹಾಕವ್ನೆ. ನಮ್ಮ ಜಾಗ ಖಾಲಿ ಆಯ್ತು, ನೆರಳು ಚೆನ್ನಾಗೈತೆ ಅಂತ. ಬೇಡ ಕಣಪ್ಪಾ ಅಂದ್ರೆ, ಜಾಗ ಬಿಡಿಸೋಕೆ ಹಂಗಂತೀಯ ಅಂತಾನೆ. ನಾನು ಬಾಯಲ್ಲಿ ಹೇಳಿದ್ದು ಕೇಳಲ್ಲ. ಮಿಷಿನ್ನು ಹೇಳಿದ್ರೆ ಕೇಳ್ತಾನೇನೋ."

ಹೋದೆವು. ಮಂಜಣ್ಣ ಮಚ್ಚು ಹಿಡಿದುಕೊಂಡೇ ಹೆಡ್‌ಫೋನ್ ಹಾಕಿಸಿಕೊಂಡ. "ಏನಕ್ಕಾ, ನಂಗೂ ಹಾಡು ಕೇಳಿಸ್ತೀರಾ?" ಎಂದು ನಗುತ್ತಿದ್ದ. ಕಿರ್ರ್ ಬಂದಾಗಲೂ ನಗುತ್ತಲೇ ಇದ್ದ. ಏಳು ಸೆಕೆಂಡು ದಾಟಿತು. ಅವನ ಕೈಯ ಮಚ್ಚು ಕೆಳಗಿಳಿಯಿತು. ಹೆಡ್‌ಫೋನ್ ತೆಗೆದು ನನಗೆ ಕೊಟ್ಟ. ಮೇಲೆ ನೋಡಿದ.

"ಈ ಸದ್ದು ಇವತ್ತು ಬೆಳಿಗ್ಗೆನೂ ಬಂತು ಕಣಕ್ಕಾ" ಅಂದ. "ನಾನು ಯಾರ್ದೋ ಗೇಟು ಅಂದ್ಕೊಂಡೆ."

ಮೂವರೂ ಸೇರಿ ಗಾಡಿಯನ್ನು ಎದುರಿನ ಕಾಂಪೌಂಡ್ ಪಕ್ಕಕ್ಕೆ ತಳ್ಳಿದೆವು. ಅಲ್ಲಿ ನೆರಳಿಲ್ಲ. ಅವನು ಗೊಣಗಲಿಲ್ಲ. ಅಲ್ಲೇ ನಿಂತು ನಾನು ಕಂಪ್ಲೇಂಟ್ ಹಾಕಿದೆ, ಎರಡು ನಿಮಿಷ ಹಿಡಿಯಿತು. ರತ್ನಮ್ಮನನ್ನು ನಾನು ಸುಮ್ಮನಿರಿಸುತ್ತಿದ್ದದ್ದೂ ಎರಡೇ ನಿಮಿಷ. ನಿನ್ನೆ ಪಾಲಿಕೆಯಿಂದ ಯಾರೋ ಬಂದು, ಕಡಿಯಲೆಂದು ಕಾಂಡಕ್ಕೆ ಬಿಳಿ ಬಣ್ಣದ ಗುರುತು ಹಾಕಿ ಹೋಗಿದ್ದಾರೆ.

ಸಿದ್ದಪ್ಪನವರ ಬೆರಳುಗಳು ಈಗ ಮಡಚುತ್ತಿವೆಯಂತೆ. ಪೆಟ್ಟಿಗೆ ಎತ್ತುತ್ತಾರೋ ಇಲ್ಲವೋ, ಗೊತ್ತಿಲ್ಲ. ರತ್ನಮ್ಮ ಅದನ್ನು ಎರಡು ಕೈಯಲ್ಲಿ ಹಿಡಿದು ಕಲಿಯುತ್ತಿದ್ದಾರೆ. ಮೊದಲ ಅಂಗಿ ನನ್ನದೇ ಕೊಟ್ಟೆ. ಕಾಲರ್ ಸುಟ್ಟುಹೋಯಿತು.

ನನ್ನ ಟ್ಯಾಬ್ಲೆಟ್ಟಿನಲ್ಲಿ ಕಸ ಎಂಬ ಫೋಲ್ಡರ್ ಇನ್ನೂ ಇದೆ. ದಿನಕ್ಕೆ ಒಂದಿಷ್ಟು ಚೂರು ತೆರೆದು ಕೇಳುತ್ತಿದ್ದೇನೆ, ಕಿವಿಯಿಂದ. ನಾಲ್ಕು ನೂರಕ್ಕೂ ಹೆಚ್ಚು ಇವೆ. ಇನ್ನೂ ಯಾರು ಯಾರು ಏನೇನು ಹೇಳಿದ್ದಾರೋ.

ನಿಮ್ಮ ರಸ್ತೆಯಲ್ಲೂ ಒಂದು ಮರ ಇದ್ದೇ ಇರುತ್ತದೆ. ಅದು ಹೇಗಿದೆ ಎಂದು, ದಿನವಿಡೀ ಅದರ ಕೆಳಗೆ ನಿಲ್ಲುವವರನ್ನು ಎಂದಾದರೂ ಕೇಳಿದ್ದೀರಾ?